ಸೋಮವಾರದ ನೆರಳು ಬೆಲೆ

"ಸೋಮವಾರ ತೆಗೆದರೆ ಬಿತ್ತನೆ ಎಷ್ಟು ಬೇಗ ಮುಗಿಯುತ್ತೆ, ಅದನ್ನ ತೋರಿಸಿಬಿಡು ಸಾಕು," ಅಂದರು ಅರುಣಕುಮಾರ್ ಸರ್. "ನಿನಗೆ ಪ್ರಾಜೆಕ್ಟೂ ಆಯ್ತು, ಊರಿಗೆ ಉಪಕಾರಾನೂ ಆಯ್ತು."

ಮೈಲಮ್ಮ ತಲೆಯಾಡಿಸಿದಳು. ಅದು ಒಪ್ಪಿಗೆಯ ತಲೆಯಾಟವಲ್ಲ, ಮಾತು ಕಿವಿಗೆ ಬಿತ್ತು ಅನ್ನುವುದಕ್ಕೆ ಮಾತ್ರ. ಸರ್‌ಗೆ ಅಷ್ಟೇ ಸಾಕಾಗಿತ್ತು. ಅವರು ಮೇಜಿನ ಮೇಲಿನ ಮೊಬೈಲ್ ಎತ್ತಿಕೊಂಡು, "ಹೇಳಿದ್ದೀನಿ ಗಂಗಾಧರಪ್ಪಾರೇ, ಹುಡುಗಿ ನಿಮ್ಮ ಕಡೆಯವಳೇ, ಮಾಡಿಕೊಡ್ತಾಳೆ," ಎಂದು ಯಾರಿಗೋ ಹೇಳುತ್ತ ಲ್ಯಾಬಿನಿಂದ ಹೊರಗೆ ನಡೆದರು.

ಆ ಗಂಗಾಧರಪ್ಪ ಯಾರೆಂದು ಮೈಲಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿರೇಹಡಗಲಿಯಾಚೆಯ ಅಡ್ಡರಸ್ತೆಯಲ್ಲಿ ತಗಡಿನ ಶೆಡ್ಡು ಕಟ್ಟಿಕೊಂಡಿರುವ ರೈತರ ಯಂತ್ರ ಸಂಘಕ್ಕೆ ಅವರೇ ಅಧ್ಯಕ್ಷರು. ಸಂಘದಲ್ಲಿ ಎರಡು ಟ್ರ್ಯಾಕ್ಟರು, ಅವುಗಳ ಹಿಂದೆ ಕಟ್ಟುವ ಎರಡು ಬಿತ್ತನೆ ಕೂರಿಗೆ. ಮುಂಗಾರಿನ ಮಳೆ ಬಿದ್ದೊಡನೆ ಸುತ್ತಲಿನ ಸದಸ್ಯರೆಲ್ಲ ಒಟ್ಟಿಗೇ ಬಂದು ನಿಲ್ಲುತ್ತಾರೆ. ಯಾರ ಹೊಲ ಮೊದಲು, ಯಾರದು ಆಮೇಲೆ ಎಂದು ಪ್ರತಿವರ್ಷ ಜಗಳ. ಈ ವರ್ಷ ಪಾಳಿಯನ್ನು ಕಂಪ್ಯೂಟರಿನಿಂದಲೇ ಮಾಡಿಸೋಣ, ಆಗ ಯಾರೂ ಬಾಯಿ ತೆಗೆಯುವುದಿಲ್ಲ ಎಂದು ಅಧ್ಯಕ್ಷರಿಗೆ ಹೊಳೆದಿತ್ತು. ಅದರ ಜೊತೆಗೇ ಇನ್ನೊಂದು ಕೆಲಸವೂ ಆಗಿಹೋಗಲಿ ಎಂಬ ಆಸೆ. ಬಿತ್ತನೆಯ ಹೊತ್ತಿನಲ್ಲಿ ಡ್ರೈವರುಗಳು ಸೋಮವಾರ ಟ್ರ್ಯಾಕ್ಟರು ಹೊರಗೆ ತೆಗೆಯುವುದಿಲ್ಲ. ಆ ರಜೆಯನ್ನು ಕಿತ್ತುಹಾಕಬೇಕು. ತಾನು ಕಿತ್ತರೆ ಕೆಟ್ಟವನಾಗುತ್ತೇನೆ. ಗಣಿತ ಕಿತ್ತರೆ ಯಾರನ್ನು ಬೈಯುತ್ತಾರೆ?

ಆ ಇಬ್ಬರು ಡ್ರೈವರುಗಳಲ್ಲಿ ಒಬ್ಬ ದುರುಗಣ್ಣ, ಮೈಲಮ್ಮನ ಅಪ್ಪ. ಸರ್‌ಗೆ ಇದು ಗೊತ್ತಿರಲಿಲ್ಲ. ಅವಳೇನೂ ಮುಚ್ಚಿಟ್ಟಿರಲಿಲ್ಲ. ಅವರು ಕೇಳಿರಲಿಲ್ಲ, ಅಷ್ಟೇ.

ಆ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅಂದು ಬಸವಣ್ಣನಿಗೆ ನೊಗ ತೋರಿಸಬಾರದು. ಎತ್ತುಗಳು ಕೊಟ್ಟಿಗೆಯಿಂದ ಹೋಗಿ ಅಲ್ಲಿಗೆ ಟ್ರ್ಯಾಕ್ಟರು ಬಂದಾಗ, ಸೋಮವಾರ ಮಾತ್ರ ಎತ್ತಿನ ಜೊತೆ ಹೋಗದೆ ಉಳಿದುಕೊಂಡಿತು. ಕಬ್ಬಿಣಕ್ಕೆ ಎಂಥ ದಣಿವು ಎಂದು ಗಂಗಾಧರಪ್ಪ ನಗುತ್ತಿದ್ದರು. ಕಬ್ಬಿಣದ ಮೇಲೆ ಕೂತವನಿಗೆ ದಣಿವಿದೆ ಎಂಬುದನ್ನು ಮೈಲಮ್ಮ ಮಾತ್ರ ದಿನಾ ಕಣ್ಣಾರೆ ನೋಡುತ್ತಿದ್ದಳು. ಬಿತ್ತನೆಯ ದಿನಗಳಲ್ಲಿ ಅಪ್ಪ ಮನೆಗೆ ಬಂದರೆ ಕೂತಲ್ಲೂ ಮೈ ತುಯ್ದಾಡುತ್ತಿತ್ತು. ರೊಟ್ಟಿ ಮುರಿಯುವ ಬೆರಳುಗಳು ಸ್ಟಿಯರಿಂಗ್ ಹಿಡಿದಂತೆಯೇ ಮಡಚಿಕೊಂಡಿರುತ್ತಿದ್ದವು. ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಹೋಗಿ ಯಂತ್ರ ತೊಳೆದು, ಗ್ರೀಸು ತುಂಬಿ, ಕೂರಿಗೆಯ ಸವೆದ ಕುಳ ಬದಲಿಸಿ ಬಂದನೆಂದರೆ ಮಧ್ಯಾಹ್ನದಿಂದ ಅವನು ಯಾರ ಡ್ರೈವರೂ ಅಲ್ಲ. ಹೆಂಡತಿ ನಾಗಕ್ಕ ತಲೆಗೆ ಎಣ್ಣೆ ಇಟ್ಟು ತಟ್ಟುವಳು. ಬಿಸಿನೀರು. ಆಮೇಲೆ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ನಿದ್ದೆ.

ಆ ಸೋಮವಾರವನ್ನು ತೆಗೆದುಹಾಕುವ ಲೆಕ್ಕವನ್ನು ಈಗ ಅವನ ಮಗಳೇ ಮಾಡಬೇಕಿತ್ತು.

ಇದ್ದ ಮಿತಿಗಳೊಳಗೇ ಅತ್ಯುತ್ತಮ ಉತ್ತರ ಹುಡುಕುವ ಆಪ್ಟಿಮೈಸೇಶನ್ ಎಂಬ ವಿಷಯ ಮೈಲಮ್ಮನಿಗೆ ಸುಲಭವಾಗಿ ಒಲಿದದ್ದಲ್ಲ. ಮೊದಲ ಸಲ ಅದರಲ್ಲಿ ಫೇಲಾಗಿದ್ದಳು. ಬೋರ್ಡಿನ ಮೇಲೆ ಸಿಂಪ್ಲೆಕ್ಸ್ ಕೋಷ್ಟಕ ಬರೆದಾಗ ಅವಳಿಗೆ ಕಾಣುತ್ತಿದ್ದುದು ಸಕ್ಕರೆ ಡಬ್ಬಿಗೆ ಮುತ್ತಿದ ಇರುವೆಗಳು ಮಾತ್ರ. ಸಾಲಿನಿಂದ ಸಾಲನ್ನು ಕಳೆ, ಇದರಿಂದ ಅದನ್ನು ಭಾಗಿಸು, ಕೆಳಗಿನ ಸಾಲಿನಲ್ಲಿ ಋಣ ಚಿಹ್ನೆ ಉಳಿಯದಿದ್ದರೆ ನಿಲ್ಲು. ಯಾಕೆ ನಿಲ್ಲಬೇಕು? ಪರೀಕ್ಷೆಗೆ ಅಷ್ಟು ಸಾಕು ಅನ್ನುತ್ತಿದ್ದರು. ಫಲಿತಾಂಶ ಬಂದ ದಿನ ಹಿಂದಿನ ಬೆಂಚಿನವರು, "ಏನ್ ಮೈಲೇಜು, ಈ ಸಲ ಮೈಲೇಜ್ ಕಮ್ಮಿ ಬಂತಾ?" ಎಂದು ಕೇಳಿ ಹಲ್ಲು ಕಿಸಿದಿದ್ದರು. ಹೆಸರು ಹಳೆಯದು, ಅಜ್ಜಿಯದು. ಅವಳು ತಿರುಗಿ, "ಟ್ಯಾಂಕ್ ತುಂಬಿಸಿಕೊಂಡು ಬರ್ತೀನಿ, ನೀವು ದಾರಿ ಬಿಟ್ಟು ನಿಂತಿರ್ರಿ," ಎಂದಿದ್ದಳು.

ಹೇಳಿದಷ್ಟು ಧೈರ್ಯವೇನೂ ಒಳಗಿರಲಿಲ್ಲ. ರಜೆಯಲ್ಲಿ ಅವ್ವ ಬೇರೆಯವರ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೋದಾಗ ಪುಸ್ತಕ ಹಿಡಿದು ಬದುವಿನ ಮೇಲೆ ಕೂತಿದ್ದಳು. ಓದಿ ಓದಿ ಸಿಟ್ಟು ಬಂದು ತಲೆಯೆತ್ತಿದಾಗ ಕಣ್ಣೆದುರಿಗೇ ಹೊಲವಿತ್ತು. ನಾಲ್ಕು ಕಡೆ ಬದು, ಒಂದು ಕಡೆ ಹಳ್ಳ ಕೊರೆದು ಓರೆಯಾದ ಬದು. ಪುಸ್ತಕದ ಚಿತ್ರವೂ ಇದೇ ತಾನೆ ಅನ್ನಿಸಿತು. ಒಂದೊಂದು ಷರತ್ತೂ ಒಂದೊಂದು ಬದು. ಒಳಗಿರುವ ನೆಲದಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು, ಬದು ದಾಟುವಂತಿಲ್ಲ. ಇಳಿಜಾರಿನ ಹೊಲದಲ್ಲಿ ತೀರ ಎತ್ತರದ ಜಾಗ ಹುಡುಕುತ್ತ ಹೋದರೆ ನಡುವೆಲ್ಲೂ ನಿಲ್ಲಲಾಗದು, ಕೊನೆಗೆ ಯಾವುದೋ ಎರಡು ಬದು ಕೂಡುವ ಮೂಲೆಗೇ ಬಂದು ನಿಲ್ಲುತ್ತೀಯ. ಹಾಗಾದರೆ ಹೊಲವೆಲ್ಲ ತುಳಿಯುವುದೇಕೆ? ಮೂಲೆಯಿಂದ ಮೂಲೆಗೆ ನಡೆದರೆ ಸಾಕು. ಪ್ರತಿ ಮೂಲೆಯಲ್ಲೂ ಒಂದೇ ಪ್ರಶ್ನೆ: ಇಲ್ಲಿಂದ ಯಾವ ಬದು ಹಿಡಿದು ಹೋದರೆ ಇನ್ನೂ ಮೇಲಕ್ಕೇರುತ್ತೇನೆ? ಯಾವುದೂ ಇಲ್ಲವೆಂದರೆ ಇದೇ ತುದಿ. ನಿಲ್ಲು.

"ಯವ್ವಾ!" ಎಂದು ಅವಳು ಕೂಗಿದ ರಭಸಕ್ಕೆ ನಾಗಕ್ಕ ಕುಡುಗೋಲು ಎತ್ತಿಕೊಂಡೇ ಓಡಿಬಂದಿದ್ದಳು, ಹಾವೋ ಏನೋ ಎಂದು.

ಎರಡನೆಯ ಸಲ ಅವಳು ಪಾಸಾದಳು. ಅದರಲ್ಲಿ ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ನೆರಳು ಬೆಲೆ ಎಂಬ ಮಾತು. ಒಂದು ಬದುವನ್ನು ಗೇಣಷ್ಟು ಆಚೆ ಸರಿಸಿದರೆ ನಿನಗೆ ಎಷ್ಟು ಲಾಭ? ಅದೇ ಆ ಬದುವಿನ ನೆರಳು ಬೆಲೆ. ನೀನು ನಿಂತ ಮೂಲೆಯಿಂದ ದೂರವಿರುವ ಬದುವನ್ನು ಎಷ್ಟು ಸರಿಸಿದರೂ ಏನೂ ಹುಟ್ಟದು. ಅಂದರೆ ಯಾವುದು ನಿನ್ನನ್ನು ನಿಜವಾಗಿ ತಡೆದಿದೆ, ಯಾವುದರ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದೀಯ ಎಂಬುದು ಅಲ್ಲಿ ಬಯಲಾಗುತ್ತದೆ.

ಸರ್ ಈಗ ಕೇಳಿದ್ದು ಸೋಮವಾರದ ನೆರಳು ಬೆಲೆಯನ್ನು.

ಭಾನುವಾರ ಮನೆಯ ಕಟ್ಟೆಯ ಮೇಲೆ ದುರುಗಣ್ಣನೂ ಎರಡನೆಯ ಟ್ರ್ಯಾಕ್ಟರಿನ ಆಂಜಿನೇಯಲುವೂ ಚಹಾ ಕುಡಿಯುತ್ತಿದ್ದರು. ಮೈಲಮ್ಮ ವಿಷಯ ಹೇಳಿದಳು. ಆಂಜಿನೇಯಲು ಬಸಿ ಕೆಳಗಿಟ್ಟ.

"ಸೋಮವಾರ ತಗದ್ರ ಎಲ್ಡು ದಿನ ತಡ ಆಕ್ಕೈತಿ ಅಂತ ಬರದ್ಬಿಡಬೇ, ಯಾರ್ ನೋಡ್ತಾರ?"

"ಲೇ, ಸುಮ್ಕಿರ," ಅಂದ ದುರುಗಣ್ಣ. "ನನ್ ಮಗಳ ಕಡಿಂದ ಸುಳ್ಳು ಲೆಕ್ಕ ಮಾಡ್ಸಿ ನಾ ಮಲ್ಕಂಡ್ರ ನಿದ್ದಿ ಹತ್ತತೈತೇನ?"

"ನಿನಗ ನಿಂತಲ್ಲೇ ನಿದ್ದಿ ಹತ್ತತೈತಿ, ಅದನ್ಯಾಕ ಹೇಳ್ತಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ನಾಗಕ್ಕ ಅಲ್ಲಿಂದಲೇ ಕೇಳಿದಳು: "ನಿಮ್ಮಪ್ಪನ ಸೋಮವಾರಕ್ಕ ಬೆಲಿ ಕಟ್ತಿ, ಆತು. ನನ್ನ ಸೋಮವಾರಕ್ಕ ಎಷ್ಟು ಕಟ್ತಿಯವ್ವಾ?"

"ನಿನಗ ಸೋಮವಾರನ ಇಲ್ಲಲ್ಲಬೇ."

"ಅದನ್ನ ಬರಿ ಮತ್ತ!"

ಎಲ್ಲರೂ ನಕ್ಕರು. ಮೈಲಮ್ಮ ನಗುತ್ತಲೇ ತಲೆತಗ್ಗಿಸಿದಳು. ಆಮೇಲೆ ಅಪ್ಪನನ್ನು ಕೂರಿಸಿಕೊಂಡು ತನಗೆ ಬೇಕಾದುದನ್ನೆಲ್ಲ ಕೇಳಿದಳು. ಯಾರ ಹೊಲ ಎಲ್ಲಿ, ಶೆಡ್ಡಿನಿಂದ ಎಷ್ಟು ಹೊತ್ತು, ಒಂದು ದಿನಕ್ಕೆ ಕೆಂಪು ಮಸಾರಿ ನೆಲ ಎಷ್ಟು ಸಾಗುತ್ತದೆ, ಮಾಗಳದ ಕಡೆಯ ಹೊಳೆದಂಡೆಯ ಕಪ್ಪು ಎರೆ ನೆಲ ಎಷ್ಟು. ಮಸಾರಿ ಮಳೆಯಾದ ಮಾರನೆಯ ದಿನವೇ ಬಿತ್ತಲು ಹದಕ್ಕೆ ಬರುತ್ತದೆ, ಅಷ್ಟೇ ಬೇಗ ಆರಿಹೋಗುತ್ತದೆ. ಎರೆ ನಿಧಾನದ್ದು; ಕೆಸರು ಬಿಗಿಯುವವರೆಗೆ ಗಾಲಿ ಇಡಲಾಗದು, ಒಮ್ಮೆ ಬಿಗಿದರೆ ದಿನಗಟ್ಟಲೆ ತೇವ ಹಿಡಿದಿರುತ್ತದೆ. ಇದು ಆ ಕಡೆಯವರಿಗೆಲ್ಲ ಗೊತ್ತು, ಅವಳಿಗೂ ಗೊತ್ತು. ಆದರೆ ಗೊತ್ತಿರುವುದನ್ನೂ ಅಂಕಿ ಮಾಡಿ ಬರೆಯಬೇಕು, ಇಲ್ಲದಿದ್ದರೆ ಕಂಪ್ಯೂಟರಿಗೆ ಎರೆಯೂ ಒಂದೇ, ಮಸಾರಿಯೂ ಒಂದೇ.

ಎಲ್ಲ ಷರತ್ತುಗಳನ್ನು ಒಂದರ ಕೆಳಗೊಂದು ಕೂರಿಸಿ, ಕೊನೆಯ ಹೊಲ ಬಿತ್ತಿ ಮುಗಿಯುವ ದಿನ ಆದಷ್ಟು ಬೇಗ ಬರಲಿ ಎಂಬ ಗುರಿ ಇಟ್ಟು, ಬುಧವಾರ ಲ್ಯಾಬಿನಲ್ಲಿ ಲೆಕ್ಕ ಬಿಡಿಸಿದಳು. ಸೋಮವಾರವನ್ನು ಇಟ್ಟು ಒಂದು ಸಲ, ತೆಗೆದು ಒಂದು ಸಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು.

ಅರ್ಧ ದಿನ.

ಇಡೀ ದಿನ ಉಳಿಯಬೇಕಿತ್ತಲ್ಲ, ಅರ್ಧವೇ ಏಕೆ? ಸ್ವಲ್ಪ ಹೊತ್ತು ನೋಡಿದ ಮೇಲೆ ಅರ್ಥವಾಯಿತು. ಸೋಮವಾರದ ತೊಳೆಯುವ, ಗ್ರೀಸು ಹಾಕುವ, ಕುಳ ಬದಲಿಸುವ ಕೆಲಸ ಸೋಮವಾರ ಹೋದರೂ ಹೋಗುವುದಿಲ್ಲ. ಬೇರೆ ದಿನಗಳ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ನಿಜವಾಗಿ ಉಳಿಯುವುದು ಅರ್ಧ ದಿನ. ಸೊನ್ನೆಯೇನಲ್ಲ. ಸೊನ್ನೆ ಬರಲಿ ಎಂದು ಅವಳು ಆಸೆಪಟ್ಟಿದ್ದಳು. ಈ ಅರ್ಧ ದಿನ ಹಿಡಿದುಕೊಂಡೇ ಗಂಗಾಧರಪ್ಪ ಗೆಲ್ಲುತ್ತಾರೆ: ನೋಡ್ರಿ, ಗಣಿತಾನೇ ಹೇಳ್ತು.

ಆದರೆ ಒಂದು ಬದುವಿನ ಬೆಲೆ ಕೇಳಿ ಉಳಿದವನ್ನು ಬಿಡುವುದು ಯಾವ ನ್ಯಾಯ? ಅವಳು ಕುರ್ಚಿ ಎಳೆದುಕೊಂಡು ಮತ್ತೆ ಕೂತಳು. ಷರತ್ತುಗಳನ್ನು ಒಂದೊಂದಾಗಿ ಕೀಳುವುದು, ಬಿಡಿಸಿ ನೋಡುವುದು, ಮತ್ತೆ ಅಲ್ಲಿಯೇ ನೆಡುವುದು. ಡೀಸೆಲ್ ಟ್ಯಾಂಕು ದೊಡ್ಡದಿದ್ದರೆ? ಏನೂ ಇಲ್ಲ. ಬೀಜದ ಚೀಲ ಹಿಂದಿನ ದಿನವೇ ಹೊಲದಲ್ಲಿದ್ದರೆ? ಒಂದು ಗಂಟೆ, ಎರಡು ಗಂಟೆ. ಹೀಗೆ ಕೆಳಗೆ ಬರುತ್ತ ಬರುತ್ತ ಒಂದು ಸಾಲು ಕಿತ್ತಾಗ ಪರದೆಯ ಮೇಲಿನ ಕೊನೆಯ ದಿನ ಧಡಕ್ಕನೆ ಹಿಂದಕ್ಕೆ ಹಾರಿತು. ಎರಡೂವರೆ ದಿನ.

ಯಾವ ಸಾಲು ಅದು ಎಂದು ನೋಡಿದಳು. ಅವಳೇ ಬರೆದದ್ದು. ಮೊಟ್ಟಮೊದಲು ಬರೆದದ್ದು. ಯಾರೂ ಹೇಳದಿದ್ದರೂ, ಅಪ್ಪನನ್ನು ಕೇಳದೆಯೇ, ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆ ಎಂಬಷ್ಟು ಸಹಜವಾಗಿ ಬರೆದಿದ್ದಳು: ಎರಡೂ ಯಂತ್ರ ಮೊದಲು ಅಧ್ಯಕ್ಷರ ಹೊಲಕ್ಕೆ ಹೋಗತಕ್ಕದ್ದು.

ಬೇರೆ ಊರಿನವರು ಯಾರಾದರೂ ಈ ಲೆಕ್ಕ ಮಾಡಿದ್ದರೆ ಆ ಸಾಲನ್ನು ಬರೆಯುತ್ತಲೇ ಇರಲಿಲ್ಲ. ಅವರಿಗೆ ಅದು ಹೊಳೆಯುತ್ತಲೂ ಇರಲಿಲ್ಲ. ಇವಳಿಗೆ ಅದನ್ನು ಬರೆಯದಿರುವುದು ಹೊಳೆದಿರಲಿಲ್ಲ.

ಮೊದಲ ಕೂರಿಗೆ ದೊಡ್ಡಮನೆಯವರದು, ಅಂದರೆ ಗಂಗಾಧರಪ್ಪನ ಮನೆತನದ್ದು. ಅಜ್ಜಿ ಇದ್ದಾಗ ಹೇಳುತ್ತಿದ್ದಳು, ಆಗೆಲ್ಲ ಮನೆಮನೆಗೂ ಎತ್ತು, ಮನೆಮನೆಗೂ ಕೂರಿಗೆ. ಮಳೆಯಾದ ಬೆಳಿಗ್ಗೆ ದೊಡ್ಡಮನೆಯ ಹೊಲದಲ್ಲಿ ಪೂಜೆ ಮಾಡಿ ಐದು ಸಾಲು ಎಳೆಯುವರು, ಅಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಹೊಲಕ್ಕೆ. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಈಗ ಊರಿಗೆಲ್ಲ ಸೇರಿ ಎರಡೇ ಕೂರಿಗೆ. ಐದು ಸಾಲು ಹೋಗಿ ದೊಡ್ಡಮನೆಯ ಹೊಲ ಪೂರ್ತಿ ಮುಗಿಯುವವರೆಗೆ ಎಂದಾಗಿತ್ತು. ಅದು ಆದದ್ದು ಯಾವಾಗ ಎಂದು ಯಾರಿಗೂ ನೆನಪಿರಲಿಲ್ಲ. ಆ ಹೊಲವೋ ಹೊಳೆದಂಡೆಯ ಎರೆ. ಎರಡು ಟ್ರ್ಯಾಕ್ಟರೂ ಅದರ ಕೆಸರು ಬಿಗಿಯುವುದನ್ನು ಕಾಯುತ್ತ ನಿಲ್ಲುತ್ತಿದ್ದವು. ಅತ್ತ ಮೇಲಿನ ಮಸಾರಿಯಲ್ಲಿ ತೇವ ಆರುತ್ತಿತ್ತು.

ಮೈಲಮ್ಮ ತನ್ನ ಮೇಲೆಯೇ ಸಿಟ್ಟಾದಳು. ಆಮೇಲೆ ಎರಡು ಉತ್ತರಗಳನ್ನೂ ಮುದ್ರಿಸಿಕೊಂಡು ಎದ್ದಳು.

ಅರುಣಕುಮಾರ್ ಸರ್ ಹಾಳೆಯನ್ನು ಓದಿ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ನಾನು ಕೇಳಿದ್ದು ಸೋಮವಾರ."

"ಅದೂ ಐತಿ ಸರ್. ಅರ್ಧ ದಿನ. ಮುಚ್ಚಿಟ್ಟಿಲ್ಲ."

"ಈ ಎರಡನೇದು ಯಾಕೆ ಬೇಕಿತ್ತು?"

"ಎಲ್ಲಾ ಷರತ್ತಿಗೂ ಬೆಲೆ ಕೇಳ್ಬೇಕು ಅಂತ ನೀವೇ ಕ್ಲಾಸಿನಾಗ ಹೇಳಿದ್ರಿ ಸರ್."

"ಕ್ಲಾಸಲ್ಲಿ ಹೇಳ್ತೀವಮ್ಮ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಮನುಷ್ಯ ನಮ್ಮ ಆಡಳಿತ ಮಂಡಳಿಗೆ ಬೇಕಾದವರು. ಈ ಸಾಲು ತೆಗಿ. ಉಳಿದದ್ದೆಲ್ಲ ಚೆನ್ನಾಗಿದೆ, ನಾನೇ ಒಳ್ಳೆ ಅಂಕ ಹಾಕ್ತೀನಿ. ತೆಗೀದಿದ್ರೆ ನನ್ನ ಸಹಿ ಇಲ್ಲ. ಸಹಿ ಇಲ್ಲದೆ ನೀನು ವೈವಾ ಪರೀಕ್ಷೆಗೆ ಹೇಗೆ ಕೂರ್ತೀಯ?"

"ಲೆಕ್ಕ ತಪ್ಪೈತೇನ್ ಸರ್?"

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು.

"ತಪ್ಪಿದ್ರ ತೋರಿಸ್ರಿ, ಇಲ್ಲೇ ಅಳಿಸ್ತೀನಿ. ಇಲ್ಲಾಂದ್ರ ಅಳಸಾಂಗಿಲ್ಲ ಸರ್." ಆಮೇಲೆ ಇನ್ನಷ್ಟು ಗಟ್ಟಿಯಾಗಿ ಹೇಳಿದಳು. "ಇನ್ನೊಂದು ಹೇಳ್ಬೇಕು. ಆ ಸಂಘದ ಡ್ರೈವರ್ ದುರುಗಣ್ಣ ನಮ್ಮಪ್ಪ. ನಾಳೆ ಬೇರೆಯವ್ರ ಬಾಯಿಂದ ನಿಮಗ ಗೊತ್ತಾಗೋದು ಬ್ಯಾಡ."

ಸರ್ ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಹಾಳೆ ಮೇಜಿನ ಮೇಲೆಯೇ ಉಳಿಯಿತು, ಸಹಿಯಿಲ್ಲದೆ.

ಶುಕ್ರವಾರ ಸಂಜೆಯ ಹೊತ್ತಿಗೆ ಸಂಘದ ಶೆಡ್ಡಿನಲ್ಲಿ ಸಭೆ. ಮೋಡ ಕಟ್ಟಿತ್ತು, ನಾಳೆಯೋ ನಾಡಿದ್ದೋ ಮಳೆ ಬರುವ ಲಕ್ಷಣ. ಸದಸ್ಯರು ಬೀಜದ ಚೀಲಗಳ ಮೇಲೆ, ಟ್ರ್ಯಾಕ್ಟರಿನ ಗಾಲಿಗಳಿಗೆ ಒರಗಿ ಕೂತಿದ್ದರು. ಗಂಗಾಧರಪ್ಪ ಕುರ್ಚಿಯಲ್ಲಿ, ಪಕ್ಕದ ಕುರ್ಚಿಯಲ್ಲಿ ಅರುಣಕುಮಾರ್ ಸರ್. ಡ್ರೈವರುಗಳಿಬ್ಬರೂ ಬಾಗಿಲ ಬಳಿ ನಿಂತಿದ್ದರು, ಎಂದಿನಂತೆ.

"ಬಾರವ್ವ, ಇಂಜಿನಿಯರಮ್ಮ," ಎಂದು ಗಂಗಾಧರಪ್ಪ ಕರೆದರು. ದನಿಯಲ್ಲಿ ಪ್ರೀತಿಯೇ ಇತ್ತು. "ಹೇಳು ಮತ್ತ, ನಿನ್ನ ಕಂಪ್ಯೂಟರ ಏನಂತೈತಿ? ಸೋಮವಾರ ತಗದ್ರ ಲಾಭ ಐತೋ ಇಲ್ಲೋ?"

"ಐತಿರಿ," ಅಂದಳು ಮೈಲಮ್ಮ. "ಅರ್ಧ ದಿನ ಬೇಗ ಮುಗಿತೈತಿ."

ಗಂಗಾಧರಪ್ಪ ಜನರತ್ತ ಕೈ ತಿರುಗಿಸಿದರು, ಕೇಳಿದಿರಲ್ಲ ಎಂಬಂತೆ. ಬಾಗಿಲ ಬಳಿ ಆಂಜಿನೇಯಲು ಗಂಟಲಲ್ಲೇ ಏನೋ ಅಂದ. ದುರುಗಣ್ಣ ನೆಲ ನೋಡುತ್ತಿದ್ದ.

"ಇನ್ನೊಂದು ಐತ್ರಿ. ಮೊದಲ ಪಾಳಿ ನಿಮ್ಮ ಹೊಲಕ್ಕ ಅಂಬೋದನ್ನ ತಗದ್ರ ಎಲ್ಡೂವರಿ ದಿನ ಬೇಗ ಮುಗಿತೈತಿ."

ಚೀಲದ ಮೇಲೆ ಕೂತಿದ್ದ ಹನುಮಣ್ಣನೆಂಬ ಮುದುಕ, ಮೇಲಿನ ಮಸಾರಿಯವನು, ಪಕ್ಕದವನಿಗೆ ಪಿಸುಗುಟ್ಟುವ ಹಾಗೆ ಎಲ್ಲರಿಗೂ ಕೇಳುವಂತೆ ಅಂದ: "ಎಲ್ಡೂವರಿ ದಿನಕ್ಕ ನನ್ನ ಹೊಲದಾಗ ಹದ ಇರ್ತಿತ್ತು."

ಗಂಗಾಧರಪ್ಪನ ಮುಖ ಕೆಂಪಾಯಿತು. "ಯಾರ್ ಕೇಳಿದ್ರು ನಿನಗ ಅದನ್ನ? ನಿಮ್ಮಪ್ಪ ಡ್ರೈವರ ಅಂತ ಹಿಂಗ ತಿರುವಿ ಬರದಿಯೇನ? ಸರ್, ಇದೇನ್ರಿ ಇದು, ನಿಮ್ ಹುಡುಗಿ ಲೆಕ್ಕ ಸರಿ ಐತೇನು?"

ಎಲ್ಲರ ಕಣ್ಣೂ ಸರ್ ಮೇಲೆ. ಅವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಮೈಲಮ್ಮ ಅವರನ್ನು ನೋಡಲಿಲ್ಲ. ನೋಡಿದರೆ ಬೇಡಿದಂತಾಗುತ್ತದೆ ಎಂದು ತಗಡಿನ ಗೋಡೆಯನ್ನೇ ನೋಡುತ್ತ ನಿಂತಳು.

"ಅದನ್ನ ನಾವು ಕೇಳಿರಲಿಲ್ಲ," ಎಂದರು ಸರ್. ತುಸು ತಡೆದು, "ಆದ್ರೆ ಲೆಕ್ಕ ತಪ್ಪಿಲ್ಲ. ನಾನೂ ಬಿಡಿಸಿ ನೋಡಿದೆ. ಅಷ್ಟೇ ಬರುತ್ತೆ," ಎಂದರು.

ಗಂಗಾಧರಪ್ಪ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಸಂಘ ಕಟ್ಟಿದವರು ಅವರು. ಓಡಾಡಿ, ಸಹಿ ಮಾಡಿ, ಮಾತು ಕೊಟ್ಟು ಯಂತ್ರ ತಂದವರು. ಜನರ ನಾಡಿ ಬಲ್ಲವರು. ಎದ್ದು ಮೈಲಮ್ಮನ ಹತ್ತಿರ ಬಂದು, ಮನೆಯ ಮಗಳಿಗೆ ಹೇಳುವಷ್ಟು ಮೆತ್ತಗೆ ಹೇಳಿದರು:

"ಆತವ್ವ. ನಿಮ್ಮಪ್ಪನ ಸೋಮವಾರ ನಿಮ್ಮಪ್ಪಗ ಇರ್ಲಿ, ನಾ ಮುಟ್ಟಂಗಿಲ್ಲ. ನೀ ಆ ಒಂದು ಸಾಲು ಅಳಿಸಿಬಿಡು. ಸರ್ ಸಹಿ ಮಾಡ್ತಾರ, ನಿನ್ ಪರೀಕ್ಷಿನೂ ಆಕ್ಕೈತಿ. ಎಲ್ಲಾರಿಗೂ ಒಳ್ಳೇದು."

ಅವಳು ಬಂದದ್ದು ಇದಕ್ಕಾಗಿಯೇ. ಅಪ್ಪನ ಸೋಮವಾರ ಅಂಗೈಯಲ್ಲಿ ಬಂದು ಕೂತಿತ್ತು, ಬೆರಳು ಮಡಚಿದರೆ ಸಾಕಿತ್ತು. ಅವಳು ಬಾಗಿಲ ಕಡೆ ತಿರುಗಿದಳು. ದುರುಗಣ್ಣ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಹೌದೂ ಇರಲಿಲ್ಲ, ಬೇಡವೂ ಇರಲಿಲ್ಲ. ಪರೀಕ್ಷೆ ಬರೆಯುವ ಕೋಣೆಯ ಹೊರಗೆ ನಿಲ್ಲುವ ಅಪ್ಪಂದಿರು ನೋಡುವ ಹಾಗೆ ನೋಡುತ್ತಿದ್ದ.

"ಅಳಸಾಂಗಿಲ್ರಿ," ಅಂದಳು ಮೈಲಮ್ಮ.

"ಏನಂದಿ?"

"ಅದು ನಿಮ್ಮ ಮ್ಯಾಲಿನ ಸಿಟ್ಟಿಗೆ ಬರದಿದ್ದಲ್ಲ. ಅದನ್ನ ಷರತ್ತು ಅಂತ ಬರದಾಕೀನೂ ನಾನ. ನನಗ ಅದು ತಪ್ಪು ಅಂತ ಅನ್ಸಿರ್ಲೇ ಇಲ್ಲ. ಈಗ ಕಂಡೈತಿ. ಕಂಡ ಮ್ಯಾಲ ಅಳಿಸಿದ್ರ ಈ ವಿದ್ಯೆ ಕಲ್ತು ಏನ್ ಮಾಡ್ಲಿ? ಸೋಮವಾರದ ಅರ್ಧ ದಿನಾನೂ ಅಲ್ಲೇ ಇರ್ಲಿ, ಅದನ್ನೂ ಅಳಸಂಗಿಲ್ಲ. ಎಲ್ಡೂ ಎಲ್ಲಾರಿಗೂ ಕಾಣ್ಲಿ. ಯಾವ್ದು ತಗೀಬೇಕು ಅಂಬೋದನ್ನ ಕಂಪ್ಯೂಟರ ಹೇಳಂಗಿಲ್ರಿ, ಸಂಘ ಹೇಳ್ಬೇಕು."

"ಹಂಗಾದ್ರ ಸೋಮವಾರ ಹೋತು ಅಂತ ತಿಳ್ಕೊ!" ಗಂಗಾಧರಪ್ಪನ ಮೆತ್ತನೆ ದನಿ ಹರಿದುಹೋಯಿತು. "ಮಳಿ ಆಗ್ಲಿ. ಸೋಮವಾರನೂ ಗಾಡಿ ಹೊಂಡತಾವ, ಮೊದಲ ಪಾಳಿನೂ ನನ್ದ. ಡ್ರೈವರ ನೀವಿಬ್ರ ಹುಟ್ಟೀರೇನು ಈ ಸೀಮಿಗೆ?"

ಆಗ ದುರುಗಣ್ಣ ಬಾಗಿಲು ಬಿಟ್ಟು ಒಳಗೆ ಬಂದ. ಸಭೆಯಲ್ಲಿ ಅವನು ಹೊಸ್ತಿಲು ದಾಟಿದ್ದು ಅದೇ ಮೊದಲು. ಟ್ರ್ಯಾಕ್ಟರಿನ ಕೀಲಿಯನ್ನು ಜೇಬಿನಿಂದ ತೆಗೆದು ಅಧ್ಯಕ್ಷರ ಖಾಲಿ ಕುರ್ಚಿಯ ಮೇಲಿಟ್ಟ.

"ಗಾಡಿ ಸಂಘದ್ದು, ತಗೋರಿ. ಸೋಮವಾರ ಮಾತ್ರ ನಿಮ್ಮ ಹತ್ರ ಇಸ್ಕೊಂಡದ್ದಲ್ರಿ ನಾನು, ವಾಪಸ್ ಕೊಡಾಕ. ಬಾರವ್ವ ಮೈಲಮ್ಮ, ನಿಮ್ಮವ್ವ ಕಾಯ್ತಿರ್ತಾಳ."

ಆಂಜಿನೇಯಲು ತನ್ನ ಕೀಲಿಯನ್ನು ಇಡುವಾಗ ಬೇಕೆಂದೇ ಸದ್ದು ಮಾಡಿ ಇಟ್ಟ.

ಶನಿವಾರ ಹೊತ್ತು ಇಳಿದ ಮೇಲೆ ಮಳೆ ಹಿಡಿಯಿತು. ಭಾನುವಾರ ಇಡೀ ದಿನ ಸುರಿಯಿತು. ಸೋಮವಾರ ಬೆಳಗಾದರೆ ಬಿಸಿಲು, ತೊಳೆದಿಟ್ಟಂಥ ಆಕಾಶ. ಗಂಗಾಧರಪ್ಪ ಹೇಳಿದಂತೆಯೇ ಮಾಡಿದ್ದರು: ಹರಪನಹಳ್ಳಿ ಕಡೆಯಿಂದ ಇಬ್ಬರು ಡ್ರೈವರುಗಳನ್ನು ಕರೆಸಿದ್ದರು. ಸಂಘ ಯಾರೊಬ್ಬರದೂ ಅಲ್ಲ ಎಂದು ತೋರಿಸಲು ಒಂದು ಟ್ರ್ಯಾಕ್ಟರನ್ನು ಮೇಲಿನ ಮಸಾರಿಗೆ ಕಳಿಸಿದರು. ಅಲ್ಲಿ ಹನುಮಣ್ಣ ತನ್ನ ಹೊಲದ ಬದುವಿನ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. "ಇವತ್ತು ಸೋಮವಾರ ತಮ್ಮಾ. ನನ್ನ ಹೊಲಕ್ಕ ಕುಳ ಹಚ್ಚಂಗಿಲ್ಲ. ನಾಳಿ ಬಾ, ನಮ್ ದುರುಗಣ್ಣನ್ನ ಕರ್ಕೊಂಡು ಬಾ," ಎಂದ. ಮುಂದಿನ ಹೊಲದವರೂ ಅದನ್ನೇ ಹೇಳಿದರು. ಅದರ ಮುಂದಿನವಳು ಪಂಪಮ್ಮ ಹೇಳಲೂ ಇಲ್ಲ. ಗಾಡಿ ಬರುವ ದಾರಿಗೆ ಎತ್ತಿನಬಂಡಿ ಅಡ್ಡ ನಿಲ್ಲಿಸಿ ಮನೆಗೆ ಹೋಗಿದ್ದಳು. ಸೋಮವಾರ ಹೂಡದ ಹೊಲದ ಮೇಲೆ ಯಾವ ಅಧ್ಯಕ್ಷರ ಅಪ್ಪಣೆಯೂ ನಡೆಯಲಿಲ್ಲ.

ಇಡೀ ಸೀಮೆಯಲ್ಲಿ ಅಂದು ಯಂತ್ರವನ್ನು ಒಳಗೆ ಬಿಟ್ಟದ್ದು ಒಂದೇ ಹೊಲ. ಹೊಳೆದಂಡೆಯ ಎರೆ, ಅಧ್ಯಕ್ಷರದೇ.

ಮೈಲಮ್ಮ ಕಾಲೇಜಿಗೆ ಹೋಗಿರಲಿಲ್ಲ. ಹೋಗಿ ಏನು ಮಾಡುವುದು? ಬೆಳಿಗ್ಗೆ ಸರ್ ಮೆಸೇಜ್ ಕಳಿಸಿದ್ದರು: ನಾಳೆ ಬಾ, ಪೂರ್ತಿ ವರದಿ ತಗೊಂಡು ಬಾ. ಪೂರ್ತಿ ಎಂಬ ಪದವನ್ನು ಅವಳು ಮತ್ತೆ ಮತ್ತೆ ಓದಿಕೊಂಡಿದ್ದಳು. ಅದರ ಅರ್ಥ ತನಗೆ ಬೇಕಾದುದೇ ಇರಬೇಕೆಂದಿಲ್ಲ. ಏನಿದ್ದರೂ ನಾಳೆ ಒಯ್ಯುವುದು ಎರಡು ಸಾಲೂ ಇರುವ ವರದಿಯನ್ನೇ ಎಂದು ನಿರ್ಧರಿಸಿ ಫೋನು ಮಗುಚಿಟ್ಟಳು. ನಾಗಕ್ಕ ಗಂಡನ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಕೆಲಸವಿಲ್ಲದ ಮನುಷ್ಯನಿಗೂ ಸೋಮವಾರ ಸೋಮವಾರವೇ ಎಂದು ಅವಳೇ ಬಲವಂತ ಮಾಡಿ ಕೂರಿಸಿದ್ದಳು.

ದುರುಗಣ್ಣನ ಮೊಬೈಲ್ ಹೊಡೆದುಕೊಂಡಿತು. ಅವನ ಕೈಯೆಲ್ಲ ಎಣ್ಣೆ. ಮೈಲಮ್ಮ ಎತ್ತಿದಳು.

"ದುರುಗಣ್ಣ ಅದಾನೇನು?" ಗಂಗಾಧರಪ್ಪನ ದನಿ. ಹಿಂದೆ ಇಂಜಿನ್ನು ಒದ್ದಾಡುವ ಸದ್ದು, ಯಾರೋ "ಇನ್ನೂ ಹುಗೀತೈತ್ರೀ, ಬಂದ್ ಮಾಡ್ರೀ" ಎಂದು ಕೂಗುವುದು. "ಗಾಡಿ ಹೂತೈತವ್ವ. ಆಕ್ಸಲ್ ಮಟ ಹೋಗೈತಿ. ಇವ್ಕ ಎರಿ ಗೊತ್ತಿಲ್ಲ. ಇನ್ನೊಂದು ಗಾಡಿ ತಂದು ನಿಮ್ಮಪ್ಪ ಎಳದ್ರ ಬರತೈತಿ. ಲಗೂನ ಕಳ್ಸು."

ಮೈಲಮ್ಮ ಅಪ್ಪನ ಕಡೆ ನೋಡಿದಳು. ಅವನಿಗೆ ಎಲ್ಲವೂ ಕೇಳಿಸಿತ್ತು. ಎದ್ದೇಳಲು ಅವನ ಮೈ ತಾನಾಗಿ ಮುಂದಕ್ಕೆ ಬಾಗಿತು. ಹೂತ ಗಾಡಿಯ ಸದ್ದು ಕೇಳಿ ಸುಮ್ಮನೆ ಕೂರುವ ಡ್ರೈವರಲ್ಲ ಅವನು. ನಾಗಕ್ಕ ಅವನ ನೆತ್ತಿಯ ಮೇಲೆ ಅಂಗೈ ಒತ್ತಿ ಹಾಗೆಯೇ ಕೂರಿಸಿದಳು. ದುರುಗಣ್ಣ ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡೇ ಬೇಡವೆಂದು ಸಣ್ಣಗೆ ತಲೆಯಲ್ಲಾಡಿಸಿದ.

"ಅಪ್ಪ ಎಣ್ಣಿ ಹಚ್ಕೊಂಡು ಕುಂತಾನ್ರಿ," ಅಂದಳು ಮೈಲಮ್ಮ. "ಇವತ್ತು ಸೋಮವಾರ."

ಆ ಕಡೆ ಇಂಜಿನ್ನು ನಿಂತಿತು.

"ನಾಳಿ?" ಎಂದರು ಕೊನೆಗೆ ಗಂಗಾಧರಪ್ಪ. ದನಿ ತಗ್ಗಿತ್ತು.

"ನಾಳಿ ಕೀಲಿ ಕಳ್ಸಿದ್ರ ಬಂದು ಗಾಡಿ ಎಳೀತಾನ್ರಿ. ಬಿತ್ತೋದು ಮಾತ್ರ ಮೊದಲು ಮ್ಯಾಲಿನ ಮಸಾರಿಗಿ ಹೋಗಿ ಹನುಮಣ್ಣನ ಹೊಲ. ಎರಿ ಬಿಗ್ಯಾಕ ಇನ್ನೂ ನಾಕ್ ದಿನ ಬೇಕಲ್ರಿ. ಬಿಗಿದ ಮ್ಯಾಲ ನಿಮ್ಮಲ್ಲಿಗೆ."

ಫೋನು ಕಟ್ಟಾಯಿತು.

"ಏನಂದ್ನಬೇ?" ಕೇಳಿದ ದುರುಗಣ್ಣ, ಕಣ್ಣು ತೆರೆಯದೆ.

"ಏನೂ ಅನ್ಲಿಲ್ಲ."

ಸಂಜೆ ಹೊತ್ತು ಮುಳುಗುವ ಮುನ್ನ ಸಂಘದ ಕಾವಲುಗಾರ ಸೈಕಲ್ಲಿನಲ್ಲಿ ಬಂದು, ಎರಡು ಕೀಲಿಗಳನ್ನು ಮಾತಿಲ್ಲದೆ ಕಟ್ಟೆಯ ಮೇಲಿಟ್ಟು ಹೋದ. ಒಂದಕ್ಕೆ ಎರೆಯ ಕಪ್ಪು ಕೆಸರು ಮೆತ್ತಿತ್ತು. ದುರುಗಣ್ಣ ಹೊರಸಿನ ಮೇಲಿಂದಲೇ ಅವನ್ನು ನೋಡಿದ. ಏಳಲಿಲ್ಲ, ಮುಟ್ಟಲಿಲ್ಲ. ಬೆಳಗಾಗುವವರೆಗೆ ಅವು ಅಲ್ಲೇ ಇರಲಿ ಎಂದು ಮಗ್ಗಲು ಬದಲಿಸಿದ.